ಗಾಜು ಇಳಿಸದ ಚಾಚಾ

ಮುಂಡರಗಿಯಿಂದ ಗದಗಕ್ಕೆ ನನ್ನನ್ನು ಕರೆದೊಯ್ಯುತ್ತಿದ್ದ ಬಾಡಿಗೆ ಕಾರಿನ ಚಾಚಾ, ದಾರಿಯಲ್ಲಿ ಯಾರು ಬೈದರೂ ಗಾಜು ಇಳಿಸುತ್ತಿರಲಿಲ್ಲ. ಒಳಗಿನಿಂದಲೇ ಎದೆಯ ಮೇಲೆ ಕೈಯಿಟ್ಟು, "ನಂದ ತಪ್ಪರಿ, ನೀವು ಮುಂದ ಹೋಗ್ರಿ" ಎನ್ನುತ್ತಿದ್ದರು. ಬಹಳ ಸಲ ತಪ್ಪು ಅವರದಾಗಿರುತ್ತಿರಲಿಲ್ಲ.

"ಇಷ್ಟ್ಯಾಕ ಅಂಜ್ತೀರಿ ಚಾಚಾ?" ಎಂದು ನಗುತ್ತಿದ್ದೆ.

"ಅವ್ರಿಗೆ ಗೆಲುವು ಬೇಕ್ರಿ ಸರ್, ನಮಗ ಗದಗ ಬೇಕು."

ಒಂದು ಮಧ್ಯಾಹ್ನ, ಸೈಡ್ ಕೊಡಲಿಲ್ಲವೆಂದು ಇಬ್ಬರು ತಮ್ಮ ಬೈಕನ್ನು ನಮ್ಮ ಮುಂದೆ ಅಡ್ಡ ನಿಲ್ಲಿಸಿದರು. "ಏ ಮುದುಕಾ, ಇಳೀಲೇ!" ಎಂದು ಒಬ್ಬ ಬಾನೆಟ್ ಗುದ್ದಿದ. ಚಾಚಾ ಎದೆಗೆ ಕೈ ಒಯ್ದರು. "ಸರ್, ನೀವು ಇಳೀಬ್ಯಾಡ್ರಿ" ಎಂದು ಅವರು ಹೇಳುವಷ್ಟರಲ್ಲಿ ನಾನು ಇಳಿದಾಗಿತ್ತು.

"ಯಾರಿಗಲೇ ಮುದುಕ ಅನ್ನಾಕತ್ತಿ?"

ಅವನು ನನ್ನ ಕೊರಳಪಟ್ಟಿ ಹಿಡಿದ. ಚಾಚಾ ಓಡಿಬಂದು ನಡುವೆ ನಿಂತರು. ನನಗೆ ಬೀಳಬೇಕಿದ್ದ ಏಟು ಅವರ ಮುಖಕ್ಕೆ ಬಿತ್ತು.

ಆಗ ಅವರೇ ನನ್ನನ್ನು ಕಾರಿನೊಳಗೆ ತಳ್ಳಿದರೆಂದು ಮನೆಯಲ್ಲಿ ಹೇಳಿದ್ದೇನೆ. ಎಷ್ಟು ಸಲ ಹೇಳಿದ್ದೇನೆಂದರೆ, ಅವರ ಅಂಗೈ ಬೆನ್ನಿಗೆ ತಾಗಿದ್ದೂ ಈಗ ನೆನಪಿಗೆ ಬರುತ್ತದೆ. ತಳ್ಳಲಿಲ್ಲ. ನಾನೇ ಓಡಿ ಒಳಗೆ ಕೂತೆ. ನನ್ನ ಬಾಗಿಲಿನ ಲಾಕ್ ಒತ್ತಿದೆ. ಆಮೇಲೆ ಬಾಗಿ, ಅವರ ಬದಿಯ ಬಾಗಿಲನ್ನೂ ಎಳೆದು ಲಾಕ್ ಮಾಡಿದೆ.

ಬೈಕ್ ಹೋದ ಮೇಲೆ ಚಾಚಾ ತಮ್ಮದೇ ಕಾರಿನ ಗಾಜು ತಟ್ಟಿದರು. ತುಟಿ ಒಡೆದಿತ್ತು. ನಾನು ಲಾಕ್ ತೆಗೆಯಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ಎದೆಯ ಮೇಲೆ ಕೈಯಿಟ್ಟು ನನಗೂ ಅದನ್ನೇ ಹೇಳಿದರು:

"ನಂದ ತಪ್ಪರಿ ಸರ್, ತಗೀರಿ."