ಊಟಕ್ಕೆ ಹೊಡೆದ ಜಾಗಟೆ

ಒಬ್ಬರು ಪಿಸುಮಾತಿನಲ್ಲಿ ಮಾತಾಡಿದರೆ ಎದುರಿನವರೂ ತಮಗರಿವಿಲ್ಲದೆ ದನಿ ತಗ್ಗಿಸುತ್ತಾರೆ. ಇದನ್ನು ನಾನು ಮೊದಲು ಗಮನಿಸಿದ್ದು ಕೊಟ್ಟಿಗೆಹಾರದ ಒಂದು ಹೋಟೆಲಿನಲ್ಲಿ. ಮಂಗಳೂರಿನ ಆಸ್ಪತ್ರೆಯಿಂದ ಅಮ್ಮನನ್ನು ಕರೆದುಕೊಂಡು ಅಪ್ಪ ಮತ್ತು ನಾನು ಘಾಟಿ ಹತ್ತಿ ಬಂದಿದ್ದೆವು. ಅಮ್ಮನ ಕುತ್ತಿಗೆಗೆ ಬಿಳಿ ಪಟ್ಟಿ ಇತ್ತು. "ಸಕ್ಕರೆ ಕಮ್ಮಿ ಹಾಕಿ" ಎಂದು ಅವಳು ಬರೀ ಉಸಿರಿನಲ್ಲಿ ಹೇಳಿದಳು. ಹೋಟೆಲಿನವನು ಬಗ್ಗಿ, ಅಷ್ಟೇ ಮೆಲ್ಲಗೆ, "ಹಾಲು ಸ್ವಲ್ಪ ಜಾಸ್ತಿ ಹಾಕ್ಲಾ ಅಮ್ಮ?" ಎಂದು ಕೇಳಿದ. ಪಕ್ಕದ ಟೇಬಲಿನವರು ಇಲ್ಲೇನೋ ಗುಟ್ಟಿನ ವ್ಯವಹಾರ ನಡೆದಿದೆ ಎಂಬಂತೆ ತಿರುಗಿ ನೋಡಿದರು. ಅಮ್ಮ ನಕ್ಕಳು. ಆ ನಗುವಿಗೂ ದನಿ ಇರಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ನಾನು ಎಂ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ. ಅಮ್ಮನ ಕುತ್ತಿಗೆಯ ಗಡ್ಡೆ ಹಲವು ವರ್ಷಗಳಿಂದ ಮೆಲ್ಲಗೆ ಬೆಳೆಯುತ್ತಿತ್ತು. ಅನ್ನ ನುಂಗುವುದು ಕಷ್ಟವಾದಾಗ ಆಪರೇಷನ್ ಮಾಡಿಸಲೇಬೇಕಾಯಿತು. ದನಿಯ ನರ ಗಡ್ಡೆಯ ಹಿಂದೆಯೇ ಹಾದುಹೋಗಿರುವುದರಿಂದ ಅದಕ್ಕೆ ಪೆಟ್ಟಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದದ್ದೂ ಹಾಗೆಯೇ. "ನರ ತುಂಡಾಗಿಲ್ಲ, ಸೋತಿದೆ. ದನಿ ಬರಬಹುದು, ಬರದೆಯೂ ಇರಬಹುದು. ಆರು ತಿಂಗಳು ಕಾಯಬೇಕು. ಕಾಯೋದು ಬಿಟ್ಟು ಬೇರೆ ಔಷಧಿ ಇಲ್ಲ" ಎಂದರು.

ಅಮ್ಮನ ದನಿ ನಮ್ಮ ಮನೆಯಲ್ಲಿ ಎಂಥದ್ದಾಗಿತ್ತು ಎಂದು ಹೇಳಬೇಕು. ಬಾಳೂರಿನ ಕಡೆ ನಮ್ಮದು ಚಿಕ್ಕ ಕಾಫಿ ತೋಟ. ಮನೆ ಮೇಲೆ, ತೋಟ ಇಳಿಜಾರಿನಲ್ಲಿ. ಮಧ್ಯಾಹ್ನದ ಅಡುಗೆ ಆದಮೇಲೆ ಅಮ್ಮ ಅಂಗಳದ ತುದಿಗೆ ಹೋಗಿ ಒಮ್ಮೆ "ಕೂ" ಎಂದರೆ, ಕೆಳಗೆ ಹಳ್ಳದ ಹತ್ತಿರ ಇರುವ ಅಪ್ಪನಿಗೆ ಅದು ತಲುಪುತ್ತಿತ್ತು. ಅಪ್ಪ ಅಲ್ಲಿಂದಲೇ "ಕೂ" ಎನ್ನುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಅವಳ ಪ್ರಾರ್ಥನೆಯೂ ಅದೇ ಎತ್ತರದಲ್ಲಿ ನಡೆಯುತ್ತಿತ್ತು. ಯಾರ ಜ್ವರ, ಯಾವ ಹಸುವಿನ ಕೆಚ್ಚಲು ಬಾವು, ನನ್ನ ಪರೀಕ್ಷೆ, ಎಲ್ಲವನ್ನೂ ದೇವರಿಗೆ ಬಾಯಿ ಬಿಟ್ಟು ಒಪ್ಪಿಸುತ್ತಿದ್ದಳು. ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುವ ನನ್ನನ್ನು ಕಂಡರೆ ಅವಳಿಗೆ ರೇಗುತ್ತಿತ್ತು.

"ಬಾಯಿ ಬಿಟ್ಟು ಹೇಳೇ. ಅವನಿಗೆ ನೂರು ಮನೆ ನೋಡೋದಿರ್ತದೆ. ನಿನ್ನ ಹೊಟ್ಟೆಯೊಳಗೆ ಏನಿದೆ ಅಂತ ಹುಡುಕ್ತಾ ಕೂರ್ತಾನಾ?"

ಅಂಥವಳು ಈಗ ಅಡುಗೆಮನೆಯಿಂದ ಜಗುಲಿಗೂ ಕೇಳದ ಉಸಿರಿನಲ್ಲಿ ಮಾತಾಡುತ್ತಿದ್ದಳು. ನಾವೂ ಹೋಟೆಲಿನವನಂತೆಯೇ ಆದೆವು. ಅಪ್ಪ ಪಿಸುಗುಟ್ಟಿ ನೀರು ಕೇಳುವುದು, ನಾನು ಪಿಸುಗುಟ್ಟಿ ಹಾಲು ಉಕ್ಕುತ್ತಿದೆ ಎನ್ನುವುದು. ಕೊನೆಗೆ ಅಪ್ಪನ ತಾಯಿ, ನಮ್ಮ ಅಜ್ಜಿ, ಒಂದು ದಿನ ಎಲೆ ಅಡಿಕೆಯ ತಟ್ಟೆಯನ್ನು ನೆಲಕ್ಕೆ ಕುಟ್ಟಿದಳು.

"ಎಂತ ಗುಸುಗುಸು ನಿಮ್ಮದೆಲ್ಲ? ದನಿ ಹೋಗಿದ್ದು ಒಬ್ಬಳದ್ದು ತಾನೇ? ನಿಮಗೆಲ್ಲ ಏನಾಗಿದೆ ರೋಗ?"

ಅಮ್ಮನ ಹೆದರಿಕೆ ಮಾತ್ರ ಬೇರೆಯೇ ಇತ್ತು. ಸಂಜೆ ದೀಪ ಹಚ್ಚುವ ಕೆಲಸವನ್ನು ಅವಳು ನನಗೆ ಬಿಟ್ಟುಕೊಟ್ಟಳು. ದೇವರ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಒಂದು ಸಂಜೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಇದು ಅವನಿಗೆ ಕೇಳ್ತದಾ?"

"ಕೇಳ್ತದೆ" ಎಂದೆ. ಇಷ್ಟು ವರ್ಷ ಮೌನವಾಗಿಯೇ ಪ್ರಾರ್ಥಿಸಿದವಳು ನಾನು. ಇದರ ಬಗ್ಗೆ ನನಗೆ ಹೇಳಲು ಇನ್ನೂ ಸ್ವಲ್ಪ ಇರಬೇಕಿತ್ತು. ಆದರೆ ಅಂಥ ಮಾತು ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ. ಅಮ್ಮ ನನ್ನ ಮುಖವನ್ನೇ ನೋಡಿ, ನಂಬದವಳಂತೆ ಒಳಗೆ ಹೋದಳು.

ಅಷ್ಟರಲ್ಲಿ ಕಾಫಿ ಕೊಯ್ಲು ಶುರುವಾಯಿತು. ಅಪ್ಪ ಬೆಳಿಗ್ಗೆ ತೋಟಕ್ಕಿಳಿದರೆ ಕರೆಯುವವರೆಗೆ ಬರುವವರಲ್ಲ. ಅಮ್ಮ ನನ್ನನ್ನು ಅಂಗಳದ ತುದಿಗೆ ಕಳಿಸಿ, ಹಿಂದೆ ನಿಂತು ಕೈಯಲ್ಲಿ ಸನ್ನೆ ಮಾಡಿದಳು: ಕೂಗು. ನಾನು ಕೂಗಿದೆ. ಹತ್ತಿರದ ಸಾಲಿನಲ್ಲೇ ಹಣ್ಣು ಕೊಯ್ಯುತ್ತಿದ್ದ ಹೆಂಗಸರು ತಲೆಯೆತ್ತಿದರು.

"ಯಾರದು, ಬೆಕ್ಕಿನ ಮರಿಯಾ?" ಎಂದಳು ಒಬ್ಬಳು.

"ಸುಮ್ನಿರೇ, ಸಣ್ಣಮ್ಮ ಓದಿದವರು. ಅವರು ಕೂಗೋದೂ ಮನಸಲ್ಲೇ!" ಎಂದಳು ಇನ್ನೊಬ್ಬಳು.

ಅವರೆಲ್ಲ ನಕ್ಕರು, ನಾನೂ ನಕ್ಕೆ. ಅಮ್ಮ ನಗಲಿಲ್ಲ. ಸರಸರನೆ ಒಳಗೆ ಹೋದವಳು ದೇವರ ಕೋಣೆಯಿಂದ ಜಾಗಟೆ ಹಿಡಿದುಕೊಂಡು ಬಂದಳು. ಹಬ್ಬದ ಮಂಗಳಾರತಿಗೆ ಮಾತ್ರ ಮುಟ್ಟುವ ಹಳೆಯ ಕಂಚಿನ ಜಾಗಟೆ ಅದು. ಅಂಗಳದ ತುದಿಯಲ್ಲಿ ನಿಂತು ಮರದ ಕೊಡತಿಯಿಂದ ಢಣ್ ಢಣ್ ಎಂದು ಬಾರಿಸಿದಳು. ತಿಂಗಳುಗಟ್ಟಲೆ ಒಳಗೆ ತಡೆದಿಟ್ಟಿದ್ದನ್ನೆಲ್ಲ ಆ ಕಂಚಿನ ಮೇಲೆ ಹಾಕಿದಂತಿತ್ತು.

ಬೇಲಿಯಾಚೆಯಿಂದ ಪಕ್ಕದ ತೋಟದವರ ದನಿ ಬಂತು: "ಎಂತ ಮಾರಾಯ್ರೆ, ನಿಮ್ಮ ದೇವರಿಗೆ ಉರಿ ಬಿಸಿಲಲ್ಲೂ ಮಂಗಳಾರತಿಯಾ?"

ಅಪ್ಪ ಏದುಸಿರು ಬಿಡುತ್ತಾ ಮೇಲೆ ಓಡಿ ಬಂದರು. ಅಜ್ಜಿಗೇ ಏನೋ ಆಯಿತೆಂದು ಅವರು ತಿಳಿದಿದ್ದರು. ಅಜ್ಜಿ ಜಗುಲಿಯಲ್ಲಿ ಗಟ್ಟಿಯಾಗಿ ಕೂತು ಅಡಿಕೆ ಅಗಿಯುತ್ತಿದ್ದುದನ್ನು ಕಂಡು ಅವರಿಗೆ ಸಿಟ್ಟು ಬಂತು.

"ದೇವರ ಜಾಗಟೆನ ಯಾರಾದ್ರೂ ಊಟಕ್ಕೆ ಹೊಡೀತಾರಾ?"

ಅಮ್ಮನ ಮುಖ ಸಣ್ಣದಾಯಿತು. ಕೊಡತಿ ಕೆಳಗಿಳಿಯಿತು. ಅವಳೇನೋ ಹೇಳಲು ನೋಡಿದಳು, ಕೇಳಿಸಲಿಲ್ಲ.

"ಹೊಡೆದ್ರೆ ಏನೀಗ?" ಎಂದಳು ಅಜ್ಜಿ. "ಪಕ್ಕದ ಮನೆಯವರು ಸಕ್ಕರೆ ಮುಗೀತು ಅಂತ ಬಂದ್ರೆ ಒಂದು ಲೋಟ ಕೊಟ್ಟು ಕಳಿಸ್ತೀವಿ. ಇವಳಿಗೆ ದನಿ ಮುಗಿದಿದೆ, ಅವನದ್ದು ತಂದಿದ್ದಾಳೆ. ಕೊಟ್ಟವನು ಸುಮ್ಮನಿದ್ದಾನೆ, ನಿಂದೆಂತ ಮಧ್ಯದಲ್ಲಿ? ಕೈ ತೊಳಿ ಹೋಗು."

ಅಪ್ಪ ಕೈ ತೊಳೆಯಲು ಹೋದರು. ಬೇಲಿಯ ಕಡೆ ತಿರುಗಿ, "ದೇವರಿಗಲ್ಲ ಮಾರಾಯ, ನನಗೇ ಮಂಗಳಾರತಿ!" ಎಂದು ಕೂಗಿದ್ದು ನನಗೆ ಕೇಳಿಸಿತು.

ಅಜ್ಜಿ ಅದನ್ನು ಸಮಾಧಾನದ ಮಾತು ಎಂದು ಆಡಿದ್ದಲ್ಲ, ಮಗನನ್ನು ಗದರಲು ಆಡಿದ್ದು. ಆದರೂ ಅಮ್ಮನಿಗೆ ಅದು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿತು. ಮರುದಿನದಿಂದ ಮಧ್ಯಾಹ್ನದ ಊಟಕ್ಕೆ ಜಾಗಟೆಯೇ ಕರೆಯಾಯಿತು, ಸಂಜೆಯ ದೀಪವೂ ಮತ್ತೆ ಅವಳದ್ದಾಯಿತು. ಮೊದಲು ಕೋಣೆಯ ಬಾಗಿಲಲ್ಲಿ ನಿಂತು ಪ್ರಾರ್ಥಿಸುತ್ತಿದ್ದವಳು ಈಗ ಒಳಗೆ ಹೋಗಿ, ಹಣೆ ಮಂಟಪಕ್ಕೆ ತಾಗುವಷ್ಟು ಹತ್ತಿರ ಕೂರುತ್ತಿದ್ದಳು. ದನಿ ಇಲ್ಲದವರು ಹತ್ತಿರ ಹೋಗಲೇಬೇಕು. ಅವಳು ಏನು ಹೇಳುತ್ತಿದ್ದಳೋ ತಿಳಿಯದು. ಕೇಳಿಸಿಕೊಳ್ಳಲು ನಾನು ಪ್ರಯತ್ನಿಸಲೂ ಇಲ್ಲ.

ನಾವೂ ಅವಳ ಹತ್ತಿರ ಹೋಗುವುದನ್ನು ಕಲಿತೆವು. ಅಂಗಳದಿಂದಲೇ ಮಾತು ಎಸೆಯುತ್ತಿದ್ದ ಅಪ್ಪ ಈಗ ಉತ್ತರ ಬೇಕೆಂದರೆ ಒಲೆಯ ಪಕ್ಕಕ್ಕೇ ಬರಬೇಕಿತ್ತು. ಬಂದವರು ಅಲ್ಲೇ ಮಣೆ ಎಳೆದುಕೊಂಡು ಕೂರುತ್ತಿದ್ದರು. ಆ ದಿನಗಳು ಕಷ್ಟದವು. ದನಿ ಬರುವುದಿಲ್ಲವೇನೋ ಎಂಬ ಭಯ ಪ್ರತಿ ಬೆಳಿಗ್ಗೆ ಅವಳು ಮೊದಲ ಮಾತಿಗೆ ಬಾಯಿ ತೆರೆದಾಗ ಹೊಸದಾಗಿ ಬರುತ್ತಿತ್ತು. ಆದರೂ ಇಂದು ನೆನೆಯುವಾಗ ನನಗೆ ಮೊದಲು ಕಾಣುವುದು ಒಲೆಯ ಬೆಳಕಿನಲ್ಲಿ ಒಂದಕ್ಕೊಂದು ವಾಲಿದ ಆ ಎರಡು ತಲೆಗಳು. ಅದಕ್ಕಾಗಿ ಯಾರಿಗೆ ಕೃತಜ್ಞಳಾಗಿರಬೇಕೋ ಅವನಿಗೆ, ನನ್ನ ಅಭ್ಯಾಸದಂತೆ ಮೌನವಾಗಿಯೇ, ಈಗಲೂ ಹೇಳುತ್ತಿರುತ್ತೇನೆ.

ಕೊಯ್ಲು ಮುಗಿದು, ಕಣದಲ್ಲಿ ಕಾಳುಮೆಣಸು ಹರಡುವ ಹೊತ್ತು ಬಂತು. ಅಪ್ಪ ಅಂದು ಮೂಡಿಗೆರೆಗೆ ಹೋಗಿದ್ದರು. ನಾನು ಮತ್ತು ಅಮ್ಮ ಮೆಣಸು ಕೆದಕುತ್ತಿದ್ದೆವು. ಒಂದು ಹುಂಜ ತನ್ನ ಪರಿವಾರದೊಂದಿಗೆ ಚಾಪೆಯ ಮೇಲೆ ಹತ್ತಿತು.

"ಹೋಯ್!"

ಒಡೆದ ದನಿ, ಅರ್ಧ ಗಾಳಿ. ಆದರೆ ದನಿ. ಕೋಳಿಗಳು ಚೆದುರಿದವು. ಅಮ್ಮ ಎತ್ತಿದ ಕೈಯನ್ನು ಇಳಿಸದೆ ನಿಂತಳು. ಅಜ್ಜಿ ಒಳಗಿನಿಂದ ಬಂದಳು.

"ಯಾರೇ ಅದು ಕೂಗಿದ್ದು?"

ಅಮ್ಮ ತನ್ನ ಎದೆಯ ಮೇಲೆ ಕೈ ಇಟ್ಟು ತೋರಿಸಿದಳು. ಅಜ್ಜಿ ಅವಳನ್ನು ನೋಡಿದಳು, ಹುಂಜವನ್ನು ನೋಡಿದಳು. "ಬೇಡಿದ್ದು ದೇವರ ಹತ್ತಿರ, ಬಂದದ್ದು ಕೋಳಿಗೆ!" ಎಂದು ಹೇಳಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಂದು ಸಂಜೆ, ಹಬ್ಬವಲ್ಲದಿದ್ದರೂ, ಮಂಗಳಾರತಿಗೆ ಜಾಗಟೆ ಬಾರಿಸಿದವಳು ನಾನು. ಅಪ್ಪ ಆಗಷ್ಟೇ ಮನೆಗೆ ಬಂದಿದ್ದರು, ವಿಷಯ ಅವರಿಗಿನ್ನೂ ಗೊತ್ತಿರಲಿಲ್ಲ. ದೀಪದ ಹೊತ್ತಿಗೆ ಅವರು ಒಳಗೆ ಬರುವ ರೂಢಿಯೇ ಇರಲಿಲ್ಲ. ಆದರೆ ತಿಂಗಳುಗಳ ಅಭ್ಯಾಸ ಕಿವಿಯಲ್ಲಿ ಕೂತಿತ್ತು. ಶಬ್ದ ಕೇಳಿದ್ದೇ ಕೈ ತೊಳೆದು, ನೀರು ತೊಟ್ಟಿಕ್ಕಿಸುತ್ತಾ ನಡುಮನೆಗೆ ಬಂದರು.

"ಇಷ್ಟು ಬೇಗ ಊಟವಾ?"

ಅಮ್ಮ ಆರತಿ ತಟ್ಟೆ ಹಿಡಿದು ದೇವರ ಕೋಣೆಯಿಂದ ತಿರುಗಿದಳು.

"ಊಟಕ್ಕಲ್ಲ" ಎಂದಳು, ಆ ಒಡೆದ, ಗಟ್ಟಿ ದನಿಯಲ್ಲಿ. "ಆದ್ರೂ ಬನ್ನಿ."

ಅಪ್ಪ ಹಾಗೇ ನಿಂತರು. ಆಮೇಲೆ ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಂಡು ಒಳಗೆ ಬಂದರು.