ಬೆಕ್ಕಿನ ಕಂಬ

ಮೂಡಲಗಿಯ ನಮ್ಮ ಮನೆಯ ತುಂಬ ಕಾಳಿನ ಚೀಲಗಳಿದ್ದವು. ಚೀಲಗಳಿದ್ದಲ್ಲಿ ಇಲಿಗಳೂ ಇದ್ದವು. ನಮ್ಮದು ಜೈನರ ಮನೆ, ಇಲಿ ಕೊಲ್ಲುವ ಮಾತೇ ಇಲ್ಲ. ಬೆಕ್ಕೊಂದು ತಾನಾಗಿಯೇ ಬಂದು ಸೇರಿಕೊಂಡಿತ್ತು. ಹೊಟ್ಟೆಗೆ ಏನು ತಿನ್ನುತ್ತೀ ಎಂದು ಅದನ್ನು ಯಾರೂ ಕೇಳಲಿಲ್ಲ.

ಆದರೆ ಅಪ್ಪ ಬೆಳಗಾವಿಯಿಂದ ತರಿಸಿದ ಬೆತ್ತದ ಆರಾಮಖುರ್ಚಿಯನ್ನು ಅದು ದಿನಾ ಪರಚತೊಡಗಿತು. ಅಪ್ಪನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಡಿಗೆ ಎತ್ತಿದರು. ಅವರ ತಾಯಿ, ನಮ್ಮ ಅಜ್ಜಿ, ಅಡ್ಡ ಬಂದಳು.

"ಬಡಿಗಿ ಎತ್ತಿದ್ರೂ ಹಿಂಸಾನ. ಕೆಳಗ ಇಡು."

"ಮತ್ತ ನನ್ನ ಖುರ್ಚಿಗೆ ಆಗಾಕತ್ತಿದ್ದು ಏನವ್ವಾ?"

ಅಜ್ಜಿ ಹಳೆಯ ಗೋಣಿಚೀಲವೊಂದನ್ನು ಹರಿದು, ಖುರ್ಚಿಯ ಪಕ್ಕದ ಕಂಬಕ್ಕೆ ಬಿಗಿಯಾಗಿ ಸುತ್ತಿ ಹುರಿಯಿಂದ ಕಟ್ಟಿದಳು. "ಉಗುರು ಬೆಳದ್ರ ಅದಾದ್ರೂ ಎಲ್ಲಿ ಕೆರೀಬೇಕು? ಇನ್ನ ಕಂಬ ಅದರದು, ಖುರ್ಚಿ ನಿಂದು," ಎಂದಳು.

ಗೋಣಿಯ ಒರಟುತನ ಬೆಕ್ಕಿಗೆ ಹಿಡಿಸಿತು. ಖುರ್ಚಿ ಉಳಿಯಿತು. ಮನೆಗೆ ಬಂದವರು ಮಾತ್ರ, "ಕಂಬಕ್ಕ ಥಂಡಿ ಹತ್ತೈತೇನ್ರಿ?" ಎಂದು ನಗುವರು, ಅಪ್ಪ ಉರಿದು ಬೀಳುವರು. ಆ ದರಿದ್ರ ಗೋಣಿ ಕಿತ್ತೊಗೆಯುತ್ತೇನೆ ಎಂದು ದಿನಾ ಗುಡುಗುವರು.

ಬೇಸಿಗೆಯ ಒಂದು ಮಧ್ಯಾಹ್ನ ಅಜ್ಜಿ ನನ್ನನ್ನು ಕರೆದುಕೊಂಡು ಬಸದಿಯಿಂದ ಮನೆಗೆ ಬಂದಳು. ಒಳಗೆ ಅಪ್ಪ ಅಂಗಿ ಕಳೆದು, ಬೆವರುಸಾಲೆ ಎದ್ದ ಬೆನ್ನನ್ನು ಅದೇ ಗೋಣಿಗೆ ತಿಕ್ಕುತ್ತ, ಸುಖದಿಂದ ಕಣ್ಣು ಮುಚ್ಚಿ ನಿಂತಿದ್ದರು. ಬೆಕ್ಕು ಖುರ್ಚಿಯಲ್ಲಿ ಕಾಲು ಚಾಚಿ ಮಲಗಿತ್ತು.

ಅಜ್ಜಿ ಹೊಸ್ತಿಲಲ್ಲೇ ನಿಂತಳು. "ಇದೇನೋ! ಇಬ್ರೂ ಅದಲಿ ಬದಲಿ ಮಾಡ್ಕೊಂಡೀರೇನು?"