ಜೂನ್ ಒಂದರಂದು ಹುಟ್ಟಿದವರು

ಇಂದಿರಾನಗರದ ಆ ಆಫೀಸಿನಲ್ಲಿ ನನ್ನ ಕಂಡರೆ ಎಲ್ಲರಿಗೂ ಒಂದಿಷ್ಟು ಅಂಜಿಕೆ ಇತ್ತು. ನನ್ನ ಬಾಯಿ ಜೋರು, ಅದು ನಿಜ. ಜೊತೆಗೆ ಡೇಟಾಬೇಸಿನ ಆ ಕಪ್ಪು ಪರದೆ ನನಗೊಬ್ಬಳಿಗೇ ಬಗ್ಗುತ್ತಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತಿದು. ದೊಡ್ಡ ಕಂಪನಿಗಳಿಗೆ ಕಸ ಗುಡಿಸುವವರನ್ನು, ವಾಚ್‌ಮನ್‌ಗಳನ್ನು ಕಳಿಸುವ ಏಜೆನ್ಸಿ ನಮ್ಮದು. ಅವರ ಹೆಸರು, ಹುಟ್ಟಿದ ದಿನ ಟೈಪ್ ಮಾಡಿ ಗುರುತಿನ ಕಾರ್ಡ್ ಕೊಡುವುದು ನನ್ನ ಕೆಲಸ. ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ.

ಹೊಸದಾಗಿ ಬಂದ ಮ್ಯಾನೇಜರ್ ಒಂದು ಬೆಳಿಗ್ಗೆ ಹುಟ್ಟಿದ ದಿನದ ಪ್ರಕಾರ ಲಿಸ್ಟ್ ಕೇಳಿದರು. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದೆ. ವರ್ಷ ಬೇರೆ ಬೇರೆ, ಆದರೆ ಪರದೆ ತುಂಬ ಜೂನ್ ಒಂದು.

"ಎಲ್ಲಾ ಬೋಗಸ್. ಇಷ್ಟು ಜನ ಒಂದೇ ದಿನ ಹುಟ್ತಾರೇನ್ರೀ? ಡಿಲೀಟ್ ಮಾಡಿ," ಅಂದರು.

ಡಿಲೀಟ್ ಆದರೆ ಕಾರ್ಡ್ ರದ್ದು. ಕಾರ್ಡ್ ಇಲ್ಲದವರನ್ನು ಕಂಪನಿ ಗೇಟಿನಲ್ಲಿ ಬಿಡುವುದಿಲ್ಲ, ಕೆಲಸ ಹೋದಂತೆಯೇ. ಯಾದಗಿರಿ ಕಡೆಯ ಅಕ್ಕ ಒಬ್ಬರು ಹರಿದ ಕಾರ್ಡ್ ಬದಲಾಯಿಸಿಕೊಳ್ಳಲು ಕೆ.ಆರ್. ಪುರದಿಂದ ಎರಡು ಬಸ್ ಹಿಡಿದು ಬಂದು ಬಾಗಿಲಲ್ಲೇ ನಿಂತಿದ್ದರು. ಅವರ ಕಾರ್ಡಿನಲ್ಲೂ ಜೂನ್ ಒಂದೇ. "ನಿಜ ಹೇಳಮ್ಮ, ಯಾವತ್ತು ಹುಟ್ಟಿದ್ದು?" ಅಂತ ಮ್ಯಾನೇಜರ್ ಅವರನ್ನೇ ಹಿಡಿದರು.

"ನನಗೇನ್ ಗೊತ್ತ್ರೀ ಸಾಹೇಬ್ರ? ಸಾಲಿಗೆ ಹಚ್ಚಿದಾಗ ಹೆಡ್ಮಾಸ್ತರ್ರು ಬರಕೊಂಡಾರ್ರೀ. ಜ್ವಾಳ ಕೊಯ್ಯೂ ಹೊತ್ತಿನ್ಯಾಗ ಹುಟ್ಟೀದಿ ಅಂತಾಳ ಅವ್ವ."

ಮ್ಯಾನೇಜರ್ ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ಶಾಲೆ ಶುರುವಾಗುವುದು ಜೂನಿನಲ್ಲಿ. ತಾರೀಖು ಗೊತ್ತಿಲ್ಲದ ಮಗುವಿಗೆ ಮೇಷ್ಟ್ರು ಜೂನ್ ಒಂದು ಅಂತ ಬರೆದು, ವಯಸ್ಸು ಸರಿಹೋಗುವ ವರ್ಷ ಹಾಕುತ್ತಿದ್ದರು. ಸರ್ಕಾರಿ ಶಾಲೆಯ ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಗುಪಾಳ್ಯದ ಶಾಲೆಯಲ್ಲಿ ನನಗೂ ಹಾಗೇ ಬರೆದರು. ನಾನು ಹುಟ್ಟಿದ್ದು ಮಾರ್ನಮಿಯ ಹಿಂದಿನ ದಿನ ಅಂತ ಅಮ್ಮ ಆಣೆ ಇಟ್ಟು ಹೇಳುತ್ತಾಳೆ. ಇದನ್ನೆಲ್ಲ ಮ್ಯಾನೇಜರಿಗೆ ಜೋರಾಗಿಯೇ ಹೇಳಿದೆ.

"ಆಯ್ತು, ತಾರೀಖಿನ ಜಾಗದಲ್ಲಿ ಸೊನ್ನೆ ಹಾಕ್ಬಿಡಿ," ಅಂದರು. ಆ ಡೇಟಾಬೇಸು ಸೊನ್ನೆಯನ್ನೂ ಒಪ್ಪಿಕೊಳ್ಳುತ್ತಿತ್ತು.

"ಸೊನ್ನೆ ದಿನ ಯಾರೂ ಹುಟ್ಟಲ್ಲ ಸರ್. ಈ ಅಕ್ಕ ಹುಟ್ಟಿದಾರೆ, ನಿಮ್ಮ ಮುಂದೇನೇ ನಿಂತಿದಾರೆ."

"ಹಾಗಾದ್ರೆ ಡಿಲೀಟೇ ಮಾಡ್ರಿ. ಹೇಳ್ದಷ್ಟು ಕೇಳಿ."

ಡಿಲೀಟಿನ ಸಾಲನ್ನು ಪೂರ್ತಿ ಟೈಪ್ ಮಾಡಿದೆ. ಆಫೀಸಿನವರ ಹೆಸರುಗಳೂ ಅದೇ ಪಟ್ಟಿಯಲ್ಲಿದ್ದವು, ಜೂನ್ ಒಂದರ ನನ್ನ ಹೆಸರೂ. ಎಂಟರ್ ಒತ್ತದೆ ಕುರ್ಚಿ ಬಿಟ್ಟು ಎದ್ದೆ.

"ನೀವೇ ಒತ್ತಿ ಸರ್. ಇವರ ಜೊತೆ ನಾನೂ ಹೋಗ್ತೀನಿ."

ಅವರು ಪರದೆ ನೋಡಿದರು, ನನ್ನನ್ನು ನೋಡಿದರು. ರಿಂಗೇ ಆಗದ ಫೋನ್ ಕಿವಿಗಿಟ್ಟುಕೊಂಡು ಆಚೆ ಹೋದರು.

ನಾನು ಆ ಸಾಲನ್ನು ಅಳಿಸಿ, ಅಕ್ಕನ ಕಾರ್ಡ್ ಪ್ರಿಂಟ್ ಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಡೀತೈತೇನ್ರೀ?" ಅಂತ ಕೇಳಿದರು.

"ನಡೆಯುತ್ತೆ ಅಕ್ಕ," ಅಂದೆ. "ಗೇಟಲ್ಲಿ ಯಾರಾದ್ರೂ ತಡೆದ್ರೆ, ಅವರು ಹುಟ್ಟಿದ ದಿನಾನೂ ಕೇಳ್ಕೊಂಡ್ಬನ್ನಿ."